ಅತ್ತೆಯ ಉಪವಾಸ, ಅತ್ತೆಯ ಕಣ್ಣು

ಕಣ್ಣಿನ ಡಾಕ್ಟರು "ಮೊದಲ ಸಕ್ಕರಿ ಇಳಿಸ್ಕೊಂಡ್ ಬರ್ರಿ ಆಯಿ, ಆಮ್ಯಾಲೆ ಆಪರೇಷನ್" ಎಂದ ದಿನ ಸಂಜೆಯೇ ನಮ್ಮ ಅತ್ತೆ ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಹಳೆಯ ಟವೆಲ್ಲಿನಲ್ಲಿ ಗಂಟು ಕಟ್ಟಿಸಿ ಅಟ್ಟಕ್ಕೆ ಏರಿಸಿದರು. ಸ್ಟೂಲು ಹತ್ತಿ ಅದನ್ನು ಮೇಲಿಟ್ಟವರು ಅವರ ಮಗ, ಅಂದರೆ ನನ್ನ ಯಜಮಾನರು. ಸಿಹಿ ಇಲ್ಲದಿದ್ದರೆ ಚಹಾ ಗಂಟಲಲ್ಲಿ ಇಳಿಯದ ಮನುಷ್ಯ. ತನ್ನ ಚಹಾದ ರುಚಿಯನ್ನು ತಾನೇ ಅಟ್ಟಕ್ಕೆ ಹಾಕುವಾಗಿನ ಅವರ ಮುಖ ನೋಡುವಂತಿತ್ತು. ಅತ್ತೆಗೆ ಮಾತ್ರ ಅದು ಕಾಣಲಿಲ್ಲ. ಆಗ ಅವರಿಗೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಅತ್ತೆ ಇರುವುದು ಔರಾದ ತಾಲೂಕಿನ ಎಕಂಬಾದಲ್ಲಿ, ನನ್ನ ಭಾವನವರ ಮನೆಯಲ್ಲಿ, ಹೊಲ ಮತ್ತು ಕುರಿಗಳ ನಡುವೆ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಬೀದರಿನ ನಮ್ಮ ಮನೆಗೆ ಬಂದರು. ಬರುವಾಗ ಒಂದು ಗೋಣಿಚೀಲದ ತುಂಬ ಹಳೆಯ ಸೀರೆಗಳನ್ನು ತಂದಿದ್ದರು. ಭಾಲ್ಕಿಗೆ ಕೊಟ್ಟ ನಮ್ಮ ಮಗಳು ಮೊದಲ ಬಸುರಿ. ಅತ್ತೆಯ ಮನೆತನದಲ್ಲಿ ಕೂಸಿಗೆ ಮೊದಲು ಹೊದಿಸುವುದು ಅಂಗಡಿಯ ಕಂಬಳಿ ಅಲ್ಲ. ಮನೆಯ ಹೆಂಗಸರು ಉಟ್ಟು ಮೆತ್ತಗಾದ ಸೀರೆಗಳ ತುಂಡು ಜೋಡಿಸಿ, ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಹೊಲಿದ ಕೌದಿ. ಹಿರಿಯ ಹೆಂಗಸು ಈಗ ಇವರೇ.

"ಸೂಜಿಗಿ ದಾರ ನಾ ಪೋಣಿಸಿ ಕೊಡ್ತೇನಿ ಅತ್ಯಾ, ನೀವು ಹೊಲೀರಿ," ಎಂದೆ.

"ದಾರ ನೀ ಪೋಣಸ್ತಿ, ಖರೆ. ನಾ ಚುಚ್ಚೋದು ಸೀರಿಗೋ ಬೆರಳಿಗೋ ನನಗ ತಿಳೀಬೇಕಲ್ಲ?"

"ಹಂಗಾದ್ರ ನಾನೇ ಹೊಲೀಲೇನ್ರಿ?"

"ನೀ ಹೊಲದದ್ದು ನೋಡೀನಿ. ನಿನ್ನ ಗೆರಿ ಔರಾದ ಬಸ್ಸಿನಂಗ ಊರೂರಿಗಿ ಹೋಗಿ ಬರ್ತದ."

ಹೀಗಾಗಿ ವಿಷಯ ಸರಳವಾಗಿತ್ತು. ಸಕ್ಕರೆ ಇಳಿದರೆ ಆಪರೇಷನ್ನು, ಆಪರೇಷನ್ನಾದರೆ ಕೌದಿ. ಹೊಟ್ಟೆಯಲ್ಲಿರುವ ಕೂಸು ಮಾತ್ರ ಡಾಕ್ಟರಿಗೂ ಕಾಯುವುದಿಲ್ಲ, ಮುತ್ತಜ್ಜಿಗೂ ಕಾಯುವುದಿಲ್ಲ.

ನಾನು ಇಲ್ಲಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ವರ್ಷ ವರ್ಷವೂ ಹಲಗೆಯ ಮೇಲೆ ಗ್ಲೂಕೋಸಿನ ಆರು ಮೂಲೆಯ ಉಂಗುರ ಬರೆಯುವುದು, ಉಂಗುರಕ್ಕೆ ಉಂಗುರ ಕೂಡಿಸಿ ಪಿಷ್ಟ ಮಾಡುವುದು, ಅಳಿಸುವುದು. ಮನೆಯಲ್ಲಿ ವಿಜ್ಞಾನದ ಮಾತು ಬಂದರೆ ಹೇಳುವ ಕೆಲಸ ನನ್ನದೇ. ಕೇಳುವ ಕೆಲಸ ಯಾರದು ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

"ಪೊರಿ ಅಂದ್ರ ಏನ್ ಬೇ ಅದು? ಕಣ್ಣಾಗ ಧೂಳ ಕುಂತದೇನ?" ಎಂದು ಅತ್ತೆ ಕೇಳಿದ್ದರು.

ಕಣ್ಣೊಳಗಿನ ಮಸೂರ ಪ್ರೋಟೀನಿನದು, ಹಸಿ ತತ್ತಿಯ ಲೋಳೆಯ ಹಾಗೆ ತಿಳಿಯಾಗಿರುತ್ತದೆ, ವಯಸ್ಸಿಗೂ ಸಕ್ಕರೆಗೂ ಸಿಕ್ಕು ಬೇಯಿಸಿದ ತತ್ತಿಯ ಹಾಗೆ ಬೆಳ್ಳಗಾಗುತ್ತದೆ ಎಂದು ಶುರು ಮಾಡಿದೆ. ಅಂದು ಶನಿವಾರ. ತತ್ತಿ ಎಂದ ಕೂಡಲೇ ಅತ್ತೆ ಕಿವಿ ಮುಚ್ಚಿಕೊಂಡರು. ಉದಾಹರಣೆ ಬದಲಿಸಬೇಕಾಯಿತು.

"ಎಮ್ಮಿ ಈದಾಗ ಗಿಣ್ಣದ ಹಾಲ ಕಾಸ್ತೀರಲ್ರಿ, ಹರಿಯೋ ಹಾಲು ಗಟ್ಟಿಯಾಗಿ ಕೂಡ್ತದಲ್ಲ? ಅದೂ ಪ್ರೋಟೀನಿನ ಆಟಾನೇ. ಬಿಸಿಗಿ ಅದರ ಎಳಿ ಬಿಚ್ಚಿ ಒಂದಕ್ಕೊಂದು ಸಿಕ್ಕ ಹಾಕ್ಕೋತಾವ. ಹಂಗ ಒಂದ್ಸಲ ಗಟ್ಟಿ ಆದದ್ದು ಮತ್ತ ಹಾಲ ಆಗಂಗಿಲ್ಲ."

"ಹಂಗಾದ್ರ ನನ್ನ ಕಣ್ಣಾಗ ಗಿಣ್ಣ ಆಗ್ಯದ ಅನ್ನು."

ಅಂದಿನಿಂದ ಓಣಿಯವರಿಗೆಲ್ಲ ಅವರು ಹೇಳಿದ್ದು ಅದನ್ನೇ. ಭಾಲ್ಕಿಯ ಬೀಗರಿಗೆ ಫೋನಿನಲ್ಲೂ, "ಎರಡೂ ಕಣ್ಣಾಗ ಗಿಣ್ಣ ಆಗ್ಯದ್ರಿ, ತಗಸ್ಬೇಕಂತ!" ಮಗಳು ಗಾಬರಿಯಾಗಿ ನನಗೆ ಫೋನು ಮಾಡಿದಳು.

ಸಕ್ಕರೆ ಇಳಿಸುವುದಕ್ಕೆ ಅತ್ತೆ ಹಿಡಿದ ದಾರಿ ಉಪವಾಸ. ಸೋಮವಾರದ ಉಪವಾಸ ಮೊದಲಿನಿಂದಲೂ ಇತ್ತು. ಅದಕ್ಕೆ ಗುರುವಾರ ಸೇರಿತು, ಶನಿವಾರ ಸೇರಿತು, ಏಕಾದಶಿ ಇದ್ದೇ ಇತ್ತು. ಮಹಾರಾಷ್ಟ್ರದ ಗಡಿ ಹತ್ತಿರವಿರುವ ನಮ್ಮ ಕಡೆ ಉಪವಾಸ ಎಂದರೆ ಏನು ಎಂಬುದನ್ನು ದೂರದವರಿಗೆ ಬಿಡಿಸಿ ಹೇಳಬೇಕು. ಜೋಳ, ಗೋಧಿ, ಅಕ್ಕಿ, ಬೇಳೆ ಮುಟ್ಟುವಂತಿಲ್ಲ. ಆದರೆ ನೆನೆಸಿದ ಸಾಬುದಾಣಿಗೆ, ಅಂದರೆ ಸಬ್ಬಕ್ಕಿಗೆ, ಹಸಿಮೆಣಸಿನಕಾಯಿ, ಶೇಂಗಾಪುಡಿ, ತುಪ್ಪ ಹಾಕಿ ಕೈಯಾಡಿಸಿದ ಖಿಚಡಿ ನಡೆಯುತ್ತದೆ. ಆಲೂಗಡ್ಡೆ ನಡೆಯುತ್ತದೆ. ಗೆಣಸು, ಬಾಳೆಹಣ್ಣು, ಖರ್ಜೂರ ಎಲ್ಲವೂ ನಡೆಯುತ್ತವೆ. ತಾಯಿಗೆ ಜೊತೆಯಾಗಲೆಂದು ನನ್ನ ಯಜಮಾನರೂ ಉಪವಾಸ ಹಿಡಿದರು. ಹಿಡಿದ ಮೇಲೆ ಅವರ ಬೆಲ್ಟು ಒಂದು ತೂತು ಸಡಿಲವಾಯಿತು.

"ಅತ್ಯಾ, ಸಾಬುದಾಣಿ ಬರೇ ಪಿಷ್ಟರಿ. ಅದರಿಂದ ಸಕ್ಕರಿ ಏರ್ತದ," ಎಂದು ಮೊದಲ ವಾರವೇ ಹೇಳಿದ್ದೆ.

"ಉಪಾಸದಾಗ ಸಕ್ಕರಿ ಹ್ಯಾಂಗ ಏರ್ತದ? ಹೊಟ್ಟಿನೇ ಖಾಲಿ ಇರ್ತದಲ್ಲ," ಎಂದರು, ಕೈಯಲ್ಲಿದ್ದ ಬಟ್ಟಲನ್ನು ಮತ್ತೊಮ್ಮೆ ಖಿಚಡಿಗೆ ಚಾಚುತ್ತಾ.

ಎರಡನೆಯ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಮೊದಲಿಗಿಂತ ಮೇಲಿತ್ತು. ಡಾಕ್ಟರು ಚೀಟಿ ನೋಡಿದರು, ಅತ್ತೆಯನ್ನು ನೋಡಿದರು.

"ಏನ ತಿಂತೀರಿ ಆಯಿ?"

"ಏನೂ ತಿನ್ನಂಗಿಲ್ರೀಪಾ. ಅರ್ಧ ವಾರ ಉಪಾಸೇ ಇರ್ತೇನಿ."

ಡಾಕ್ಟರು ನನ್ನ ಕಡೆ ತಿರುಗಿದರು. ಮುದುಕಿಯನ್ನು ಉಪವಾಸ ಕೆಡವುವ ಸೊಸೆ ಇವಳೇನಾ ಎಂಬ ನೋಟ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಟೇಬಲ್ಲಿನ ಕೆಳಗೆ ನನ್ನ ಕೈ ಹಿಚುಕಿದರು. ಡಾಕ್ಟರು ಗುಳಿಗೆ ಬದಲಿಸಿ, ಅದನ್ನು ನುಂಗಿ ಹೊಟ್ಟೆ ಖಾಲಿ ಬಿಡಬಾರದೆಂದು ಹೇಳಿ, ಮುಂದಿನ ತಿಂಗಳು ಬರಲು ಹೇಳಿದರು. ಹೊರಗೆ ಆಟೋದಲ್ಲಿ ಅತ್ತೆ ಬೆರಳು ಮಡಚುತ್ತಾ ಮೊಮ್ಮಗಳ ತಿಂಗಳುಗಳನ್ನು ಲೆಕ್ಕ ಹಾಕುತ್ತಿದ್ದರು. ಮನೆ ಬರುವ ತನಕ ಅದೇ ಲೆಕ್ಕ ನಡೆದಿತ್ತು.

ಕೈಕಾಲು ತೊಳೆದು ಅವರ ಎದುರಿಗೆ ಕೂತೆ. ಅವರ ಕೊರಳಿನ ಬೋರಮಾಳ, ಬಂಗಾರದ ಗುಂಡುಗಳ ಸರ, ಹಿಡಿದು ತೋರಿಸಿದೆ.

"ನೋಡ್ರಿ ಅತ್ಯಾ, ಈ ಗುಂಡು ಒಂದೊಂದೂ ಒಂದು ಗ್ಲೂಕೋಸು, ಅಂದ್ರ ಸಕ್ಕರಿ ಅಂತ ತಿಳೀರಿ. ಬಿಡಿ ಇದ್ದಾಗ ನಾಲಗಿಗಿ ಸಿಹಿ. ಇಂಥಾವು ನೂರಾರು ದಾರಕ್ಕ ಪೋಣಿಸಿಬಿಟ್ರ ಅದು ಪಿಷ್ಟ, ಸಿಹಿ ಹತ್ತಂಗಿಲ್ಲ. ಸಾಬುದಾಣಿ, ಆಲೂಗಡ್ಡಿ, ರೊಟ್ಟಿ ಎಲ್ಲಾ ಇಂಥಾ ಮಾಲಿನೇ. ಹೊಟ್ಟ್ಯಾಗ ಹೋದ ಮ್ಯಾಲೆ ದಾರ ಹರೀತದ, ಗುಂಡೆಲ್ಲ ರಕ್ತಕ್ಕ ಬೀಳ್ತಾವ."

ಅತ್ತೆ ಬೋರಮಾಳವನ್ನು ನನ್ನ ಕೈಯಿಂದ ಬಿಡಿಸಿಕೊಂಡು ಸೆರಗಿನೊಳಗೆ ಹಾಕಿಕೊಂಡರು.

"ನನ್ನ ಬಂಗಾರಕ್ಕ ಸಕ್ಕರಿ ಅನ್ನಬ್ಯಾಡ. ಖಿಚಡಿ ಖಾರ ಇರ್ತದ. ಖಾರದಾಗ ಸಕ್ಕರಿ ಎಲ್ಲಿಂದ ಬಂತು?"

ಮರುದಿನ ಕಾಲೇಜಿನ ಪ್ರಯೋಗಾಲಯದಿಂದ ಪುಟ್ಟ ಸೀಸೆಯಲ್ಲಿ ಅಯೋಡಿನ್ ತಂದೆ. ಪಿಷ್ಟದ ಸರ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಹೋಗಿ ಕೂತರೆ ಬಣ್ಣ ಕಡುನೀಲಿಯಾಗುತ್ತದೆ, ಹೆಚ್ಚು ಪಿಷ್ಟವಿದ್ದರೆ ಕಪ್ಪೇ. ತಾಟಿನಲ್ಲಿ ಒಂದು ಕಡೆ ಬೇಯಿಸಿದ ಸಾಬುದಾಣಿ, ಒಂದು ಕಡೆ ಆಲೂಗಡ್ಡೆ ಹೋಳು, ಒಂದು ಕಡೆ ಮೊಸರು ಇಟ್ಟು ಹನಿ ಹನಿ ಬಿಟ್ಟೆ. ಮೊಸರಿನ ಮೇಲೆ ಹನಿ ಅರಿಸಿನ ಚೆಲ್ಲಿದ ಹಾಗೆ ಹಳದಿಯಾಗಿಯೇ ಉಳಿಯಿತು. ಸಾಬುದಾಣಿ ಮಸಿಯಲ್ಲಿ ಅದ್ದಿದ ಹಾಗೆ ಆಯಿತು. ನನ್ನ ತರಗತಿಯಲ್ಲಾದರೆ ಈ ಹೊತ್ತಿಗೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

"ನೋಡ್ರಿ, ಹ್ಯಾಂಗ ಕರ್ರಗ ಆಯ್ತು!"

ಅತ್ತೆ ತಾಟನ್ನು ಮೂಗಿನ ತನಕ ತಂದು ನೋಡಿದರು. "ನನಗ ಎಲ್ಲಾ ಮಂಜೇ ಕಾಣ್ತದ. ನೀ ಕರ್ರಗ ಅಂದ್ರ ನಾ ಹೌದು ಅನಬೇಕೇನು?"

ನನ್ನ ಪರೀಕ್ಷೆ ನಿಂತದ್ದೇ ಕಣ್ಣಿನ ಮೇಲೆ, ಇಲ್ಲಿ ಇಲ್ಲದ್ದೂ ಅದೇ. ಯಜಮಾನರನ್ನು ಸಾಕ್ಷಿಗೆ ಕರೆದೆ. ಅವರು ಬಗ್ಗಿ ನೋಡಿ, "ಹೌದವ್ವಾ, ಕರ್ರಗ ಆಗ್ಯದ," ಎಂದರು.

"ನೀ ಹೆಂಡತಿ ಅಂದಿದ್ದಕ್ಕ ಇಲ್ಲ ಅಂದದ್ದು ಯಾವಾಗ?" ಎಂದು ಅತ್ತೆ ಸಾಕ್ಷಿಯನ್ನು ಅಲ್ಲೇ ವಜಾ ಮಾಡಿದರು.

ಕಣ್ಣಿಲ್ಲದಿದ್ದರೆ ನಾಲಗೆ ಇದೆಯಲ್ಲ ಎಂದು ನನಗೆ ಹೊಳೆದದ್ದು ಮರುದಿನ ತರಗತಿಯಲ್ಲಿ ಜೊಲ್ಲಿನ ಪಾಠ ಮಾಡುವಾಗ. ನಮ್ಮ ಜೊಲ್ಲಿನಲ್ಲಿ ಒಂದು ಕಿಣ್ವ ಇರುತ್ತದೆ. ಅದೂ ಪ್ರೋಟೀನೇ, ಕತ್ತರಿಯಂಥ ಪ್ರೋಟೀನು. ಪಿಷ್ಟದ ಸರವನ್ನು ಅದು ಬಾಯಲ್ಲೇ ಕತ್ತರಿಸಲು ಶುರು ಮಾಡುತ್ತದೆ. ನಾವು ಗಬಗಬನೆ ನುಂಗುವುದರಿಂದ ತಿಳಿಯುವುದಿಲ್ಲ, ಅಷ್ಟೇ. ಮನೆಗೆ ಬಂದವಳೇ ಉಪ್ಪಿಲ್ಲದೆ, ಖಾರವಿಲ್ಲದೆ ಸಾಬುದಾಣಿ ಬೇಯಿಸಿದೆ.

"ಇದನ್ನ ಬಾಯಾಗ ಇಟ್ಕೊಂಡು ಅಗೀರಿ. ನುಂಗಬ್ಯಾಡ್ರಿ. ಮಾತೂ ಆಡಬ್ಯಾಡ್ರಿ."

"ಒಬ್ಬಾಕಿನೇ ಮಾಡಂಗಿಲ್ಲ. ಬೀಬಿನ್ನ ಕರಿ," ಎಂದರು. ಬೀಬಿ ಎಂದರೆ ಪಕ್ಕದ ಮನೆಯ ಖಾಲಾ, ಅತ್ತೆಯ ಓರಗೆಯವರು. ಸೊಸೆಯಂದಿರ ವಿಷಯದಲ್ಲಿ ಇಬ್ಬರದೂ ಒಂದೇ ಪಕ್ಷ. ಹಾಗಾಗಿ ಅತ್ತೆಯ ಲೆಕ್ಕದಲ್ಲಿ ಇವರೇ ನಿಷ್ಪಕ್ಷಪಾತಿ ಸಾಕ್ಷಿ.

ಖಾಲಾ ಬಂದರು. ಇಬ್ಬರೂ ಚಾಪೆಯ ಮೇಲೆ ಕೂತು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಅಗಿಯುವ ಹಲ್ಲು ಇಬ್ಬರಿಗೂ ಸೇರಿ ಒಬ್ಬರಿಗೆ ಸಾಲುವಷ್ಟಿತ್ತು. ನಮ್ಮ ಮನೆ ಅಷ್ಟು ಹೊತ್ತು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ಫ್ರಿಜ್ಜು ಗುಂಯ್ ಎನ್ನುವುದು ಕೇಳಿಸಿತು. ಯಜಮಾನರು ಹೊರಗಿನಿಂದ ಬಂದವರು, ಯಾರಿಗೆ ಏನಾಯಿತೋ ಎಂದು ಹೆದರಿ ಬಾಗಿಲಲ್ಲೇ ನಿಂತರು.

ಮೊದಲು ಅತ್ತೆಯ ಹುಬ್ಬು ಏರಿತು. ಆಮೇಲೆ ಖಾಲಾರದು. ಅತ್ತೆ ನುಂಗಿ ಮುಗಿಸಿ ನನ್ನ ಕಡೆ ಬೆರಳು ತೋರಿಸಿದರು.

"ಸಕ್ಕರಿ ಹಾಕೀದಿ."

"ಡಬ್ಬಿ ಅಟ್ಟದ ಮ್ಯಾಲದ ಅತ್ಯಾ. ಗಂಟು ಕಟ್ಟಿಸಿದವರು ನೀವೇ."

"ಬಾಯಿಗಿ ಹಾಕ್ದಾಗ ಸಪ್ಪಗಿತ್ತು ಆಪಾ," ಎಂದರು ಖಾಲಾ, ತುಟಿ ಚಪ್ಪರಿಸುತ್ತಾ. "ಬಾದ್ ಮೇ ಮೀಠಾ ಹುವಾ. ಅಲ್ಲಾ ಕಸಮ್, ಬಾಯಾಗೇ ಸಿಹಿ ಆಯ್ತು." ನಂತರ ಅವರಿಗೆ ಬೇರೊಂದು ದಿಗಿಲು ಹತ್ತಿತು. "ನಮ್ ಜೋಳದ ರೊಟ್ಟೀನೂ ಹಿಂಗೇ ಕ್ಯಾ?" ಎಂದು ತಮ್ಮ ಮನೆಗೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಆಚೆ ಅಗಿಯುತ್ತಲೇ ನಿಂತು, ಮಾತಾಡಲಾರದೆ, ಹೌದೆಂದು ತಲೆ ಅಲ್ಲಾಡಿಸಿದರು.

ಅತ್ತೆ ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಹಂಗಾದ್ರ ಇಷ್ಟ್ ದಿನ ನಾ ದೇವರಿಗಿ ಮಾಡಿದ್ದು ಉಪಾಸ ಅಲ್ಲೇನು?"

ಉಪವಾಸ ಬಿಡಿ ಎಂದು ನಾನು ಹೇಳುವಂತಿಲ್ಲ. ಹೇಳಿದರೆ ವಾರದಲ್ಲಿ ಇನ್ನೊಂದು ದಿನ ಹೆಚ್ಚಿಗೆ ಹಿಡಿಯುತ್ತಾರೆ. ಅದು ಅವರ ಮತ್ತು ದೇವರ ನಡುವಿನ ಕರಾರು, ಕಾಯಿದೆಯೂ ಅವರದೇ. ಹಾಗಾದರೆ ಕಾಯಿದೆಯ ಒಳಗೇ ಹುಡುಕೋಣ ಎಂದುಕೊಂಡೆ.

"ಉಪಾಸ ನಿಮ್ಮದು ಖರೇನೇ ಅದರಿ. ತಾಟಷ್ಟ ಬದಲ ಮಾಡೂನು. ಶೇಂಗಾ ನಡೀತದಲ್ರಿ?"

"ನಡೀತದ."

"ಹಾಲು, ಮೊಸರು?"

"ಅವು ಇಲ್ಲದ್ದ ಉಪಾಸ ಯಾವುದು?"

"ಸೌತಿಕಾಯಿ?"

"ಅದೂ ನಡೀತದ. ಏನ್ ವಕೀಲರಂಗ ಕೇಳ್ತಿ?"

ಪ್ರೋಟೀನೂ ಮಾಲೆಯೇ ಎಂದು ಹೇಳಿದೆ. ಆದರೆ ಅದರಲ್ಲಿ ಒಂದೇ ನಮೂನೆಯ ಗುಂಡು ಇಲ್ಲ, ಹವಳ, ಮುತ್ತು, ಕರಿಮಣಿ ಎಂದು ಇಪ್ಪತ್ತು ನಮೂನೆ. ದೇಹ ಅವನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಮತ್ತೆ ಪೋಣಿಸಿಕೊಳ್ಳುತ್ತದೆ, ಚರ್ಮ, ಕೂದಲು, ರಕ್ತ, ಎಲ್ಲಕ್ಕೂ. ಸಾಬುದಾಣಿಯ ಹಾಗೆ ಒಮ್ಮೆಲೇ ಸಕ್ಕರೆಯಾಗಿ ರಕ್ತಕ್ಕೆ ಧುಮುಕುವುದಿಲ್ಲ. ಪನೀರು ಮಾಡುತ್ತೇನೆ ಎಂದೆ. ಹುಳಿ ಹಿಂಡಿ ಬೇಕೆಂದೇ ಹಾಲು ಒಡೆಸುವುದನ್ನು ಕೇಳಿ ಅತ್ತೆ ಗಾಬರಿಯಾದರು. "ಉಪಾಸದ ದಿನ ಮನ್ಯಾಗ ಹಾಲ ಒಡಸ್ತಿ?" ಅದು ಅಲ್ಲಿಗೇ ಬಿದ್ದುಹೋಯಿತು. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ಅದರೊಳಗೆ ಹುರಿದ ಶೇಂಗಾಪುಡಿ, ಹಸಿಮೆಣಸು, ಸೌತೆಕಾಯಿ ಪಾಸಾದವು. ಉಪವಾಸವಿಲ್ಲದ ದಿನ ರೊಟ್ಟಿಯ ಅರ್ಧ ಜಾಗವನ್ನು ಪಲ್ಯ, ಮೊಳಕೆ ಹೆಸರುಕಾಳು ಹಿಡಿದವು. ಸಂಜೆ ಖಾಲಾ ಜೊತೆ ಓಣಿಯಲ್ಲಿ ನಡಿಗೆ. ನಡಿಗೆಯ ಹೆಸರಿನಲ್ಲಿ ಎಷ್ಟು ಮನೆಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದರೋ, ನಾನು ವಿಚಾರಿಸಲು ಹೋಗಲಿಲ್ಲ.

ಈ ನಡುವೆ ಭಾಲ್ಕಿಯಲ್ಲಿ ಮಗಳ ಕುಬಸ, ಅಂದರೆ ಸೀಮಂತ. ಬೀಗರು ಹೋಳಿಗೆಯ ಊಟ ಇಟ್ಟಿದ್ದರು. ಬೀಗಿತ್ತಿ ಮೆಹಕರದ ಹೆಣ್ಣುಮಗಳು, ಬಡಿಸುವಾಗ ಬೇಡ ಎಂಬ ಮಾತನ್ನು ಕೇಳಿಸಿಕೊಳ್ಳುವ ಕಿವಿ ಅವರಿಗಿಲ್ಲ. ತುಪ್ಪ ಸುರಿದ ಹೋಳಿಗೆ ಅತ್ತೆಯ ಎಲೆಯ ಮೇಲೆ ಬಂದೇಬಿಟ್ಟಿತು.

"ಇದ್ರಾಗ ಎರಡ ಸಕ್ಕರಿ ಅವರಿ ಬೀಗತಿಯರ," ಎಂದರು ಅತ್ತೆ, ಇಡೀ ಪಂಕ್ತಿಗೆ ಕೇಳುವ ಹಾಗೆ. "ಒಳಗಿನ ಬೆಲ್ಲ ಕಾಣೂ ಸಕ್ಕರಿ. ಮ್ಯಾಗಿನ ಕಣಕ ಕಾಣದ ಸಕ್ಕರಿ. ಸುಮ್ಮ ನುಂಗಬ್ಯಾಡ್ರಿ, ಅಗದು ನೋಡ್ರಿ."

"ಸೊಸಿ ಕಾಲೇಜಿನಾಗ ಕಲಸ್ತಾಳ ಅಂತ ಕೇಳಿದ್ದೆ," ಎಂದರು ಬೀಗಿತ್ತಿ. "ಅತ್ತಿ ಕುಬಸದಾಗೇ ಸಾಲಿ ತಗದಾರ ನೋಡ್ರಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆ ಹೋಳಿಗೆಯನ್ನು ಮಗನ ಎಲೆಗೆ ದಾಟಿಸಿದರು. ದಾಟಿಸುವ ಮೊದಲು ಅಂಚಿನಿಂದ ಒಂದು ಚೂರು ಮುರಿದದ್ದನ್ನು ನಾನು ನೋಡಿದೆ. "ಕೂಸಿನ ಹೆಸರಿಗಿ," ಎಂದರು ಮೆಲ್ಲಗೆ, ನಾನು ನೋಡುತ್ತಿದ್ದೇನೆಂದು ಹೇಗೆ ತಿಳಿಯಿತೋ.

ಮೂರನೆಯ ಸಲ ಚೀಟಿ ನೋಡಿದ ಡಾಕ್ಟರು ಕನ್ನಡಕ ಮೇಲೇರಿಸಿದರು. "ಇಳದದ ಆಯಿ. ಏನ ಮಾಡಿದ್ರಿ?"

"ಉಪಾಸ ಮಾಡಿದೆ," ಎಂದರು ಅತ್ತೆ. ನನ್ನ ಹೆಸರು ಎಲ್ಲೂ ಬರಲಿಲ್ಲ.

ಬಲಗಣ್ಣಿನ ಆಪರೇಷನ್ನು ಆಯಿತು. ಗಿಣ್ಣವನ್ನು ತೆಗೆದು, ಬದಲಿಗೆ ಕೃತಕ ಮಸೂರ ಕೂಡಿಸಿದರು. ಬಗ್ಗಬೇಡಿ, ನೀರು ತಾಗಿಸಬೇಡಿ, ಧೂಳಿಗೆ ಹೋಗಬೇಡಿ ಎಂದು ಹೇಳಿದ್ದನ್ನು ಅತ್ತೆ ಕೆಲವು ವಾರ ಗೊಣಗುತ್ತಲೇ ಪಾಲಿಸಿದರು. ಅಷ್ಟರಲ್ಲಿ ಮಗಳನ್ನು ಹೆರಿಗೆಗೆ ಮನೆಗೆ ಕರೆತಂದೆವು. ಡಾಕ್ಟರು ಇನ್ನು ಹೊಲಿಯಬಹುದು ಎಂದ ದಿನ ಗೋಣಿಚೀಲ ಹೊರಬಂತು.

ಚಾಪೆ ತುಂಬ ಸೀರೆಯ ತುಂಡುಗಳು. ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದರು. ನಾನು ಸೇರಿಸಿದ್ದ ಹೊಳೆಯುವ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಹಾಕಿದರು. "ಇದು ಪ್ಲಾಸ್ಟಿಕ್ಕು. ಕೂಸಿಗಿ ಬೆವರ ಬರ್ತದ. ಹತ್ತಿದೇ ಬೇಕು."

"ಹತ್ತಿನೂ ಸಕ್ಕರಿನೇ ಅತ್ಯಾ," ಎಂದೆ. ಬಾಯಿ ಸುಮ್ಮನಿರುವುದಿಲ್ಲ.

"ಶುರು ಆಯ್ತು," ಎಂದಳು ಗೋಡೆಗೆ ಒರಗಿ ಕೂತಿದ್ದ ಮಗಳು.

"ಖರೇನೇ. ಅದೇ ಗ್ಲೂಕೋಸಿನ ಗುಂಡು. ಹಿಟ್ಟಿನಾಗ ಎಲ್ಲಾ ಒಂದೇ ಕಡೆ ಮಾರಿ ಮಾಡಿ ಪೋಣಿಸಿರ್ತದ. ಹತ್ತ್ಯಾಗ ಒಂದು ಸೀದಾ, ಮುಂದಿಂದು ತಲಿಕೆಳಗ. ಹಂಗ ಪೋಣಿಸಿದ್ರ ನಮ್ಮ ಹೊಟ್ಟಿಯ ಕತ್ತರಿಗಿ ಅದು ಹರಿಯಂಗಿಲ್ಲ. ಕುರಿ ಹೊಟ್ಟ್ಯಾಗಿನ ಸೂಕ್ಷ್ಮಜೀವಿಗಳು ಹರೀತಾವ."

ಅತ್ತೆ ಮೊದಲ ಬಾರಿಗೆ ನನ್ನ ವಿಜ್ಞಾನಕ್ಕೆ ತಾವಾಗಿಯೇ ಸಾಕ್ಷಿ ನುಡಿದರು. "ಅದಕ್ಕೇ ಎಕಂಬಾದಾಗ ಒಣಗ ಹಾಕಿದ ನನ್ನ ಸೀರಿ ಸೆರಗ ಆ ಹಲ್ಕಟ್ ಕುರಿ ತಿಂದಿತ್ತು! ಹೊಡದೆ ಪಾಪ ಅದಕ್ಕ. ಸಕ್ಕರಿ ಅಂತ ಯಾರಿಗಿ ಗೊತ್ತಿತ್ತು?"

ಅವರು ತಾವೇ ಸೂಜಿಗೆ ದಾರ ಪೋಣಿಸಿದರು. ಒಂದು ಕಣ್ಣು ಮುಚ್ಚಿ, ಹೊಸ ಕಣ್ಣಿನಿಂದ ನೋಡಿ, ಮೊದಲ ಸಲಕ್ಕೇ. ಕೌದಿಯ ಅಂಚಿನಿಂದ ಹೊಲಿಗೆಯ ಸಾಲುಗಳು ಒಳಗೊಳಗೆ ಸುತ್ತುತ್ತಾ ಹೊರಟವು, ಬಿತ್ತಿದ ಜೋಳದ ಸಾಲಿನ ಹಾಗೆ ನೆಟ್ಟಗೆ.

ಕೊನೆಯ ಒಂದು ಮೂಲೆ ಉಳಿದಿದ್ದಾಗ, ಮಧ್ಯಾಹ್ನದ ಊಟದ ಹೊತ್ತಿಗೆ, ಮಗಳಿಗೆ ಬೇನೆ ಶುರುವಾಯಿತು. ಯಜಮಾನರು ಆಟೋ ತಂದು ಬಾಗಿಲಿಗೆ ನಿಲ್ಲಿಸಿದರು. ನಾನು ಚೀಲ ಹಿಡಿದು ಹೊರಟರೆ ಅತ್ತೆ ಚಾಪೆಯಿಂದ ಏಳಲೇ ಇಲ್ಲ.

"ಅವ್ವಾ, ನಡೀ!" ಎಂದರು ಯಜಮಾನರು.

"ತಡೀ. ಒಂದ್ ತುತ್ತು ರೊಟ್ಟಿ ತಾ."

"ಈಗ ಊಟಾ ಮಾಡ್ತೀರೇನ್ರಿ?" ಎಂದೆ.

"ನನಗಲ್ಲ ಬೇ. ಕೌದಿಗಿ." ಅವರ ಕಡೆಯ ಪದ್ಧತಿ ಅದು ಎಂದು ನನಗೆ ತಿಳಿದದ್ದೇ ಆಗ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುತ್ತು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಕೂಸೂ ಹಸಿಯುವುದಿಲ್ಲವಂತೆ. "ಹಸದ ಕೌದಿ ಕೂಸಿಗಿ ಹೊಚ್ಚಾಕ ಬರಂಗಿಲ್ಲ."

"ಲಗೂ ಮುಗಸ ಆಯಿ, ಇಲ್ಲಂದ್ರ ಇದು ಇಲ್ಲೇ ಬಂದು ತುತ್ತ ಕೇಳ್ತದ," ಎಂದಳು ಮಗಳು, ಒಂದು ಕೈಯಿಂದ ಬಾಗಿಲು ಚೌಕಟ್ಟು ಹಿಡಿದು, ಹಲ್ಲು ಕಚ್ಚಿ ನಗುತ್ತಾ.

ನಾನು ಓಡಿ ಬುಟ್ಟಿಯಿಂದ ರೊಟ್ಟಿ ಮುರಿದು ತಂದುಕೊಟ್ಟೆ. ಅತ್ತೆ ತುತ್ತನ್ನು ಹೊಸ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ನೋಡಿ, ಅರ್ಧ ಮುರಿದು ನನಗೆ ವಾಪಸು ಕೊಟ್ಟರು. ಉಳಿದ ಅರ್ಧಕ್ಕೆ ಎರಡು ಶೇಂಗಾಕಾಳು ಜೊತೆ ಮಾಡಿ ಮೂಲೆಯೊಳಗೆ ತುರುಕಿದರು.

"ಕಡಿಮಿ ಆಯ್ತಲ್ರಿ?" ಎಂದೆ.

"ಇರ್ಲಿ. ವಂಶದಾಗ ಸಕ್ಕರಿ ಅದ," ಎಂದು ಅತ್ತೆ ಮೂಲೆ ಹೊಲಿದು ಮುಚ್ಚಿ, ದಾರವನ್ನು ಹಲ್ಲಿನಿಂದ ಕಡಿದು, ಆಟೋದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತರು.